ಕೆಂಪು ಮುದ್ರೆಯ ಗಿಟಾರ್

ಮಾರ್ಚ್ ೩, ಮಂಗಳವಾರ. ಬೆಳಿಗ್ಗೆ ೮

ಅರ್ಧ ಗಡ್ಡ ಕೆರೆದಾಗಿದೆ, ಇನ್ನರ್ಧ ಹಾಗೇ ಇದೆ. ಬರೆಯದೆ ವಿಧಿಯಿಲ್ಲ. ಮನೆಯಲ್ಲಿ ಕಳ್ಳತನ! ಕಿಟಕಿ ಪಕ್ಕದ ಹೊಲಿಗೆ ಮೆಷಿನ್ ಮಂಗಮಾಯ. ಕಾಲಲ್ಲಿ ತುಳಿಯುವ ಪೆಡಲ್ ಸಮೇತ. ಹಾಡಹಗಲಲ್ಲಿ!

೮.೨೦

ಸುಳ್ಳು. ಕಳ್ಳ ನಾನೇ. ಬಾಲ್ಕನಿಗೆ ತಳ್ಳಿ ಮೇಲೆ ಹೊದಿಕೆ ಹಾಕಿದ್ದೆ. "ಅಯ್ಯೋ, ಕಳ್ಳ!" ಅಂತ ಕೂಗಿದೆ. ತಲೆಯಲ್ಲಿ ಸೋಪಿನ ನೊರೆ ಇಟ್ಟುಕೊಂಡೇ ಹೆಂಡತಿ ಬಚ್ಚಲಿಂದ ಓಡಿ ಬಂದಳು. ಬೈಗುಳಕ್ಕೆ ಕಿವಿ ತೆರೆದು ನಿಂತಿದ್ದೆ. ಅವಳು ಬೈಯಲಿಲ್ಲ. ಖಾಲಿ ಜಾಗ ನೋಡಿ ನೆಲದ ಮೇಲೆ ಕೂತುಬಿಟ್ಟಳು.

"ನಲವತ್ತೊಂದು ವರ್ಷ ರೀ..."

ಹೊದಿಕೆ ತೆಗೆದು ತೋರಿಸಿದೆ. ಎದ್ದು ಹೋಗಿ ಮೆಷಿನ್ನಿನ ಚಕ್ರ ಸವರಿದಳು. ಆಮೇಲೆ ನನ್ನ ಜೊತೆ ಮಾತಿಲ್ಲ. ಸಾವಿರ ತಮಾಷೆ ಮಾಡಿದ್ದೇನೆ — ಮೊದಲ ಸಲ ಒಂದೂ ನಗು ಬರಲಿಲ್ಲ. ನನಗೂ.

ಮಾರ್ಚ್ ೪, ಬುಧವಾರ

ಸಂಧಾನ. ಏನು ಬೇಕು ಕೇಳು, ತಂದುಕೊಡ್ತೀನಿ ಅಂದೆ.

"ಗಿಟಾರ್."

ನನಗೇ ತಮಾಷೆ ಮಾಡ್ತಿದ್ದಾಳಾ ಅಂತ ಮುಖ ನೋಡಿದೆ. ಇಲ್ಲ. ಕೆಳಗಿನ ಮನೆ ಮೇಷ್ಟ್ರು ಗಿಟಾರ್ ಕಲಿಸ್ತಾರಲ್ಲ, ವರ್ಷದಿಂದ ನೆಲಕ್ಕೆ ಕಿವಿ ಕೊಟ್ಟೇ ಹೊಲಿಯುತ್ತಿದ್ದಾಳಂತೆ. ಅವರ ತಾಳಕ್ಕೆ ಇವಳ ಕಾಲು ಮೆಷಿನ್ ತುಳಿಯುತ್ತಂತೆ! ಕೆಳಗೆ ಸ್ವರ, ಮೇಲೆ ಬೇಸರ. ನನಗೆ ಇಷ್ಟು ದಿನ ಗೊತ್ತೇ ಇಲ್ಲ. ಹೊಸ ಬ್ಯಾಚು ೧೬ಕ್ಕೆ. ಅರವತ್ತೈದು ದಾಟಿದವರನ್ನೂ ಸೇರಿಸಿಕೊಳ್ತಾರಾ ಅಂತ ಇವಳೇ ಹೋಗಿ ಕೇಳಿ ಬಂದಿದ್ದಾಳೆ.

"ಹೊಸದು ತರ್ತೀನಿ ಕಣೇ."

"ಹೊಸದು ಬೇಡ. ಸೆಕೆಂಡ್ ತನ್ನಿ, ನನ್ನ ಮೆಷಿನ್ ಥರ. ಸೆಕೆಂಡ್ ನಂಗೆ ಆಗಿಬರತ್ತೆ."

ಹೊಲಿಗೆ ಮೆಷಿನ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಇನ್ಸ್‌ಪೆಕ್ಟರ್ ನಾನು. ಮೇಜಿನ ಮೇಲೆ ಎರಡು ಮುದ್ರೆ. ಸರಿಯಿದ್ದರೆ ನೀಲಿ. ಎಲ್ಲೋ ಒಂಚೂರು ಊನ ಇದ್ದರೆ ಕೆಂಪು — ಅದೇ ಸೆಕೆಂಡ್. ಶನಿವಾರ ಗೇಟಿನ ಹತ್ತಿರ ಕಡಿಮೆ ಬೆಲೆಗೆ ಮಾರುತ್ತಿದ್ದರು. ಇವಳ ಮೆಷಿನ್ ಅಲ್ಲಿಂದಲೇ ಬಂದದ್ದು. ಇವಳೂ ಅಲ್ಲೇ ಸಿಕ್ಕಿದ್ದು. ರಿಟೈರ್ ಆದಾಗ ಗೋಡೆ ಗಡಿಯಾರ ಕೊಟ್ಟರು — "ಒಂದೂ ತಪ್ಪು ಮುದ್ರೆ ಒತ್ತದವರಿಗೆ" ಅಂತ ಕೆತ್ತಿಸಿ. ಆ ಗಡಿಯಾರ ದಿನಕ್ಕೆ ಹತ್ತು ನಿಮಿಷ ಹಿಂದೆ. ಅದನ್ನು ಯಾರು ತಪಾಸಣೆ ಮಾಡಿದರೋ.

ಮಾರ್ಚ್ ೭, ಶನಿವಾರ. ಮಧ್ಯಾಹ್ನ ೨

ಸಿಕ್ಕಿತು! ಫೋನಿನ ಜಾಹೀರಾತಿನಲ್ಲಿ. "ಗಿಟಾರ್. ಫ್ಯಾಕ್ಟರಿ ಸೆಕೆಂಡ್. ಎರಡು ವರ್ಷ ಹಳೆಯದು." ಮಾರುವವರು ಡ್ರೈವಿಂಗ್ ಸ್ಕೂಲ್ ನಡೆಸುವ ಮೇಡಂ. ಸ್ಕೂಲಿನ ಮೇಲೆಯೇ ಮನೆ. ಎರಡೇ ಬಸ್ ಸ್ಟಾಪು, ನಡೆದೇ ಹೋದೆ. ಕಾಲು ನೆಲಕ್ಕೆ ತಾಗಲಿಲ್ಲ.

ಏನೇನು ನೋಡಬೇಕೆಂದು ಮೇಷ್ಟ್ರು ಚೀಟಿ ಬರೆದುಕೊಟ್ಟಿದ್ದರು. "ನಾನೂ ಬರ್ಲಾ?" ಅಂದರು. ಮೂವತ್ತು ವರ್ಷದ ತಪಸ್ಸು ನನ್ನ ತಪಾಸಣೆ, ಬೇಡ ಅಂದೆ.

ಜೇನಿನ ಬಣ್ಣ. ತಲೆಯ ಹಿಂದೆ ಪುಟ್ಟ ಕೆಂಪು ಮುದ್ರೆ. ಹಳೆ ಸ್ನೇಹಿತನನ್ನು ಕಂಡ ಹಾಗಾಯಿತು.

ಮೊದಲು ಕತ್ತು. ಒಂದು ಕಣ್ಣು ಮುಚ್ಚಿ ತುದಿಯಿಂದ ಬುಡಕ್ಕೆ ನೋಡಿದೆ. ನೇರ. ತಂತಿಯನ್ನು ಎರಡೂ ಕೊನೆಯಲ್ಲಿ ಒತ್ತಿ ನಡುವಿನ ಸಂದಿ ನೋಡಿದೆ — ಕಾಗದ ತೂರುವಷ್ಟು. ಚೀಟಿಯಲ್ಲೂ ಅಷ್ಟೇ ಇರಬೇಕೆಂದಿತ್ತು. ತಂತಿ ಬಿಗಿಯುವ ಆರು ಕಿವಿ, ಆರನ್ನೂ ಹಿಂಡಿದೆ. ಯಾವುದೂ ಜಾರಲಿಲ್ಲ. ಹೊಟ್ಟೆ ಉಬ್ಬರ ಇದೆಯಾ ಅಂತ ಸ್ಕೇಲ್ ಇಟ್ಟೆ. ಇಲ್ಲ. ಒಳಗಿನ ಪಟ್ಟಿ ಸಡಿಲವಾಗಿದ್ದರೆ ಕಿರುಗುಟ್ಟುತ್ತೆ ಅಂತ ಬೆರಳ ಗೆಣ್ಣಿನಿಂದ ತಟ್ಟಿದೆ.

"ಶ್... ಒಳಗೆ ಯಾರೋ ಕೆಮ್ಮಿದ್ರು" ಅಂದೆ.

ಮೇಡಂ ಹೌಹಾರಿ ಗಿಟಾರಿಗೆ ಕಿವಿ ಇಟ್ಟರು. ಆಮೇಲೆ ನನ್ನ ಮುಖ ನೋಡಿದರು. "ಅಂಕಲ್! ಗಿಟಾರ್ ತಗೊಳ್ಳೋಕೆ ಬಂದ್ರಾ, ಪೋಸ್ಟ್‌ಮಾರ್ಟಂ ಮಾಡೋಕಾ?"

"ಇದಕ್ಕೆ ಕೆಂಪು ಮುದ್ರೆ ಯಾಕೆ ಬಿತ್ತು?"

"ಅಂಗಡಿಯವ್ನೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ನಂಗಂತೂ ಇದು ಒಲೀಲಿಲ್ಲ. ಬುಕ್ಕು ನೋಡ್ಕೊಂಡು ಬಾರಿಸಿದ್ರೂ ಬರೀ ಅಪಸ್ವರ. ಬಿಟ್ಟೆ."

ಒಂದು ಗಂಟೆ ಹುಡುಕಿದೆ. ಊನ ಸಿಗಲಿಲ್ಲ. ವಾಪಸ್ ಬಂದೆ — ಬರಿಗೈಲಿ.

ಮಾರ್ಚ್ ೮, ಭಾನುವಾರ

ಮತ್ತೆ ಹೋಗಿದ್ದೆ. ಟಾರ್ಚು, ಮತ್ತೆ ಇವಳ ಪುಟ್ಟ ಕನ್ನಡಿ. ಕನ್ನಡಿಯನ್ನು ತಂತಿಯ ಕೆಳಗಿನ ಬಾಯಿಯಿಂದ ಒಳಗಿಳಿಸಿ ಹೊಟ್ಟೆಯೆಲ್ಲಾ ನೋಡಿದೆ. ಅಂಟು ಎಲ್ಲೂ ಬಿಟ್ಟಿಲ್ಲ. ಬಿರುಕಿಲ್ಲ. ಪಾಲಿಶ್ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದೆ. ಒಂದು ಗುಳ್ಳೆಯಿಲ್ಲ. ಆರು ತಂತಿ, ಕತ್ತಿನ ಅಡ್ಡಪಟ್ಟಿಗಳ ನಡುವೆ ಇಪ್ಪತ್ತು ಮನೆ — ಒಂದೊಂದನ್ನೂ ಒತ್ತಿ ಮೀಟಿದೆ. ನೂರಿಪ್ಪತ್ತು ಸಲ ಟಿಂಗ್. ಕೆಳಗೆ ಕಾರು ಕಲಿಯಲು ಬಂದವರೊಬ್ಬರು ಮೇಲೆ ಬಂದು, "ಏನಾದ್ರೂ ರಿಪೇರಿ ನಡೀತಿದ್ಯಾ?" ಅಂತ ಕೇಳಿ ಹೋದರು.

ಒಂದೂ ಸಿಗಲಿಲ್ಲ. ತಪ್ಪು ಕಾಣದ್ದೇ ಇದರ ದೊಡ್ಡ ತಪ್ಪು. ಯಾರೂ ಸುಮ್ಮನೆ ಕೆಂಪು ಒತ್ತುವುದಿಲ್ಲ. ಕಾಣದ ಊನ ನಾಳೆ ಬಾಯಿ ಬಿಡುತ್ತೆ. ಇವಳು ಕಲಿಯೋಕೆ ಕೂತಾಗಲೇ ಕತ್ತು ಮುರಿದರೆ? ಸೆಕೆಂಡ್ ಮೇಲೆ ಅವಳಿಗಿರುವ ನಂಬಿಕೆಯೇ ಹೋಗುತ್ತೆ. ಮೊನ್ನೆಯಷ್ಟೇ ಅವಳ ಮನಸ್ಸು ನೋಯಿಸಿದ್ದೇನೆ, ಮತ್ತೆ ಬೇಡ.

ಮಾರ್ಚ್ ೧೨, ಗುರುವಾರ. ಸಂಜೆ

ಮೇಡಂ ಫೋನ್. "ಅಂಕಲ್, ಬ್ಯಾಂಡ್‌ನವ್ರೊಬ್ರು ಶನಿವಾರ ಹನ್ನೊಂದಕ್ಕೆ ಬರ್ತಿದಾರೆ. ನೋಡಿದ ಕೂಡ್ಲೆ ಎತ್ಕೊಂಡ್ ಹೋಗ್ತಾರಂತೆ. ನಿಮ್ದೇನು?"

ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ. ಬೇರೆ ಸೆಕೆಂಡ್ ಊರಲ್ಲೇ ಇಲ್ಲ, ಎಲ್ಲಾ ಅಂಗಡಿ ತಿರುಗಿ ಆಯಿತು. ಸೋಮವಾರ ಕ್ಲಾಸು.

ಇವಳು ಸೂಜಿಗೆ ದಾರ ಪೋಣಿಸುತ್ತಾ, "ಯಾರಿಗೆ ಕಲಿಸೋಕೆ ತಗೊಳ್ತಿರೋದು?" ಅಂದಳು.

"ನಿಂಗೆ."

"ಮತ್ತೆ ನಾನು ನೋಡೋದ್ ಬೇಡ್ವಾ? ಶನಿವಾರ ಹತ್ತಕ್ಕೆ ಹೊರಡಿ."

ಮಾರ್ಚ್ ೧೪, ಶನಿವಾರ. ೧೨.೩೦

ಬಂತು! ಬಂತು! ಮಂಚದ ಮೇಲೆ ಮಲಗಿದೆ, ಜೇನಿನ ಬಣ್ಣದ್ದು! ಆತುರಕ್ಕೆ ಬರವಣಿಗೆ ಕೋಳಿ ಕಾಲು.

ಕ್ರಮವಾಗಿ ಬರೆಯಬೇಕು. ಹತ್ತೂಕಾಲಿಗೆ ಅಲ್ಲಿದ್ದೆವು. ಇವಳು ಕನ್ನಡಕ ಹಾಕಿಕೊಂಡಳು. ಗಿಟಾರನ್ನು ಬ್ಲೌಸ್ ಪೀಸಿನ ಥರ ಮಡಿಲಲ್ಲಿ ಹಾಸಿಕೊಂಡಳು. ನಾನು ಟಾರ್ಚ್ ಕೊಟ್ಟೆ. ಬೇಡ ಅಂದಳು. ಕತ್ತಿನ ಮೇಲೆ ಬೆರಳು ಓಡಿಸಿದಳು. ಅರ್ಧ ನಿಮಿಷವೂ ಇಲ್ಲ.

"ಗುಂಡಿ ತಪ್ಪಾಗಿ ಹಾಕಿದಾರಲ್ರೀ!"

"ಯಾವ ಗುಂಡಿ?"

"ಈ ಬಿಳಿ ಚುಕ್ಕೆಗಳು. ಮೂರನೇ ಮನೆಗೊಂದು, ಐದಕ್ಕೊಂದು. ಒಂದ್ಮನೆ ಬಿಟ್ಟು ಏಳಕ್ಕೆ ಬರ್ಬೇಕು ತಾನೆ? ಎಂಟಕ್ಕೆ ಕೂರ್ಸಿದಾರೆ. ಒತ್ತಿಗೇ ಒಂಬತ್ತಕ್ಕೂ ಒಂದು. ಶರ್ಟಾಗಿದ್ರೆ ಇಲ್ಲಿ ಹೊಟ್ಟೆ ಕಾಣ್ತಿತ್ತು."

ಮೇಷ್ಟ್ರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರು ನಗುತ್ತಾ ನಗುತ್ತಾ ಹೇಳಿದರು — ಏಳೇ ಸರಿ. ಚುಕ್ಕೆ ಬೆರಳಿಗೆ ಬರೀ ದಾರಿ ತೋರಿಸೋ ಗುರುತು, ಸ್ವರಕ್ಕೆ ಏನೂ ಆಗಲ್ಲ.

ನಾನು ಮೂರ್ಖ! ಬಿರುಕು, ಬಾಗು, ಗುಳ್ಳೆ ಹುಡುಕಿದೆ. ಚುಕ್ಕೆಯನ್ನು ಅಲಂಕಾರ ಅಂತ ಬಿಟ್ಟೆ. ಗಡಿಯಾರ ವಾಪಸ್ ಕೊಡಬೇಕು.

ಮೇಡಂ ಎದ್ದು ನಿಂತುಬಿಟ್ಟರು. "ಏಳರ ಚುಕ್ಕೆ ಅಂತ ನಾನು ಎಂಟು ಒತ್ತಿದ್ನಾ! ಅದಕ್ಕೇ ಅಪಸ್ವರಾನಾ! ರಾಂಗ್ ಸೈನ್‌ಬೋರ್ಡ್ ಹಾಕ್ಬಿಟ್ಟು... ಎರಡು ವರ್ಷ ನನ್ನ ಕೈಯನ್ನೇ ಬೈಕೊಂಡೆನಲ್ಲಾ!" ಗಿಟಾರನ್ನು ಇವಳ ಮಡಿಲಿಂದ ತೆಗೆದುಕೊಂಡು ಎದೆಗೆ ಒತ್ತಿಕೊಂಡರು. "ಹಾಗಾದ್ರೆ ಮಾರಲ್ಲ."

ನಾನು ಟಾರ್ಚನ್ನು ಜೇಬಿಗೆ ತುರುಕಿದೆ.

ಇವಳು ಮಾತ್ರ, "ಸರಿ ಕಣಮ್ಮ, ಒಂದ್ಸಲ ಬಾರ್ಸು, ಕೇಳ್ಕೊಂಡ್ ಹೋಗ್ತೀವಿ" ಅಂದಳು.

ಮೇಡಂ ಬಾರಿಸಿದರು. ಏಳನೇ ಮನೆ ಎಣಿಸಿ ಎಣಿಸಿ. ಚುಕ್ಕೆ ಸರಿಯಾದರೂ ಉಳಿದದ್ದೆಲ್ಲಾ ಅಪಸ್ವರವೇ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. "ತಗೊಂಡ್ ಹೋಗಿ ಆಂಟಿ. ಕಂಡುಹಿಡ್ದವ್ರಿಗೇ ಸೇರ್ಲಿ" ಅಂದವರೇ ಬ್ಯಾಂಡ್‌ನವರಿಗೆ ಫೋನ್ ಮಾಡಿ ಬರಬೇಡಿ ಅಂದರು. ಹೇಳಿದ ಬೆಲೆ ಹೇಳಿದ ಹಾಗೆ ಕೊಟ್ಟೆ.

ಮಾರ್ಚ್ ೧೬, ಸೋಮವಾರ. ಸಂಜೆ ೭

ಮೊದಲ ಕ್ಲಾಸು ಆಯಿತು! ಮೇಲಿನಿಂದ ನೆಲಕ್ಕೆ ಕಿವಿ ಕೊಟ್ಟು ಮಲಗಿದ್ದು ಈ ಸಲ ನಾನು. ದಾರದವಳ ಕೈಗೆ ತಂತಿ. ಬೆರಳ ತುದಿ ಕೆಂಪಾಗಿದೆಯಂತೆ, ಸೂಜಿ ಚುಚ್ಚಿಸಿಕೊಂಡವಳಿಗೆ ಇದ್ಯಾವ ಲೆಕ್ಕ ಅಂದಳು. ನನ್ನನ್ನು ನೋಡಿ ನಕ್ಕಳು. ಮೊನ್ನೆ ನಕ್ಕದ್ದು ಗಿಟಾರಿಗೆ; ನನಗಾಗಿ ನಕ್ಕದ್ದು ೩ನೇ ತಾರೀಖಿನಿಂದ ಇದೇ ಮೊದಲು.

ಗಿಟಾರನ್ನು ಮೆಷಿನ್ನಿಗೆ ಒರಗಿಸಿದಳು. ಎರಡು ಕೆಂಪು ಮುದ್ರೆ ಅಕ್ಕಪಕ್ಕ.

"ರೀ, ಇದಕ್ಕೆ ಒಂದು ಚುಕ್ಕೆ ತಪ್ಪು. ಅಷ್ಟೇ ತಾನೆ? ಹಾಗಾದ್ರೆ ನನ್ನ ಮೆಷಿನ್‌ಗೆ ಏನ್ರೀ ಊನ? ನೀವೇ ಅಲ್ವಾ ನೋಡಿದ್ದು. ನಲವತ್ತೊಂದು ವರ್ಷದಲ್ಲಿ ನಂಗೆ ಸಿಕ್ಕಿಲ್ಲ."

ಮೆಷಿನ್ನಿನ ಚಕ್ರ ಒಂದು ಸುತ್ತು ತಿರುಗಿಸಿದೆ.

"ಮರೆತೋಯ್ತು ಕಣೇ" ಅಂದೆ.

ಮಾರ್ಚ್ ೧೭, ಮಂಗಳವಾರ. ಬೆಳಿಗ್ಗೆ ೬.೩೦

ಮರೆತಿಲ್ಲ.

ಆಗ ಮೂರು ತಿಂಗಳು, ಪ್ರತಿ ಶನಿವಾರ, ಫ್ಯಾಕ್ಟರಿ ಗೇಟಿನ ಸಾಲಿನ ಕೊನೆಯಲ್ಲಿ ಬಂದು ನಿಲ್ಲುತ್ತಿದ್ದಳು. ಅಂಗಡಿಯೊಂದರಲ್ಲಿ ಗುಂಡಿ-ಕಾಜಾ ಹೊಲಿಯುವ ಕೆಲಸ, ಬಿಟ್ಟು ಬರುವಷ್ಟರಲ್ಲಿ ತಡ. ಅವಳ ಸರದಿ ಬರುವ ಮೊದಲೇ ಮಾಲು ಖಾಲಿ. ಒಂದು ದಿನವೂ ಗೊಣಗಲಿಲ್ಲ. ಖಾಲಿ ಜಾಗ ನೋಡಿ ಹೋಗುತ್ತಿದ್ದಳು, ಮೊನ್ನೆ ನೋಡಿದಳಲ್ಲ, ಹಾಗೇ.

ಆ ಶುಕ್ರವಾರ ನನ್ನ ಮೇಜಿಗೆ ಒಂದು ಮೆಷಿನ್ ಬಂತು. ಅಂಥದ್ದು ವರ್ಷಕ್ಕೊಂದು ಬರುತ್ತಿತ್ತು. ಚಕ್ರ ತಿರುಗಿಸಿದರೆ ಉಸಿರಾಡಿದ ಹಾಗೆ. ಮೂರು ಸಲ ನೋಡಿದೆ. ಕೂದಲೆಳೆಯಷ್ಟೂ ಊನ ಇಲ್ಲ. ನೀಲಿ ಮುದ್ರೆ ಕೈಯಲ್ಲೇ ಇತ್ತು. ಕೆಳಗಿಟ್ಟೆ. ಕೆಂಪು ಎತ್ತಿಕೊಂಡೆ. ಒತ್ತಿದೆ. ಮಾರನೆ ದಿನ ಸಾಲಿನ ಕೊನೆಗೆ "ಇನ್ನೊಂದಿದೆ" ಅಂತ ನಾನೇ ತಳ್ಳಿಕೊಂಡು ಹೋದೆ. ನನ್ನ ಅದೃಷ್ಟ ಅಂದಳು. ಇವತ್ತಿಗೂ ಹಾಗೇ ಅನ್ನುತ್ತಾಳೆ.

ಮೂವತ್ತು ವರ್ಷದಲ್ಲಿ ಒಂದೇ ತಪ್ಪು ಮುದ್ರೆ. ತಮಾಷೆಗಲ್ಲ.

ಎದ್ದಳು. ತಂತಿ ಮೀಟುತ್ತಿದ್ದಾಳೆ, ಏಳನೇ ಮನೆ. ಈಗ ಹೋಗಿ ಹೇಳಿದರೆ ಇದೂ ನನ್ನ ತಮಾಷೆ ಅಂದುಕೊಳ್ಳುತ್ತಾಳೆ. ಈ ಪುಟವನ್ನೇ ತೆರೆದು ಅವಳ ಮೆಷಿನ್ ಮೇಲೆ ಇಟ್ಟು, ಪಕ್ಕದಲ್ಲಿ ಅವಳ ಕನ್ನಡಕ ಇಡುತ್ತೇನೆ. ಅವಳೇ ಓದಲಿ.