ಸ್ಲೇಟು ಒರೆಸಿದವರು

ಮಾರ್ಚ್ 4, ಮಧ್ಯಾಹ್ನ 1.30

ಡ್ಯೂಟಿ ಮುಗಿಸಿ ಬಂದು ಉಂಡೆ. ಬೆಳಗಿನ ನಾಲ್ಕರಿಂದ ಮೈಕಿನ ಮುಂದೆ ಕೂತು "ಪ್ಲಾಟ್‌ಫಾರಂ ಏಳರಲ್ಲಿ ನಿಂತಿರುವ ಬಸ್ಸು..." ಎಂದು ಕೂಗಿ ಗಂಟಲು ಒಣಗಿದೆ. ಬಸ್‌ಸ್ಟ್ಯಾಂಡಿನಲ್ಲಿ ಸಾವಿರ ಜನ ನನ್ನ ಮಾತು ಕೇಳುತ್ತಾರೆ. ವಠಾರಕ್ಕೆ ಬಂದರೆ ಬಾಯಿಗೆ ಬೀಗ.

ಚಾಪೆ ಹಾಸಿದೆ. ಮೇಲಿನ ಮನೆಯಲ್ಲಿ ಮಿಷನ್ ಅಕ್ಕ ಹೊಲಿಗೆಗೆ ಕೂತಾಗಿದೆ. ಕಟಕಟ ಕಟಕಟ... ಆ ಸದ್ದು ಇಳಿದು ಬಂದರೇನೇ ನನಗೆ ನಿದ್ದೆ. ಹೊರಡುವ ಬಸ್ಸುಗಳನ್ನೆಲ್ಲ ಕೂಗಿ ಹೇಳುವವಳು ನಾನು, ಹತ್ತಿ ಹೋಗುವುದು ಮಾತ್ರ ಈ ಹೊತ್ತಿನ ಕನಸಿನಲ್ಲಿ. ನಿನ್ನೆ ರಸ್ತೆಯೆಲ್ಲ ನೀಲಿ ಬಟ್ಟೆ. ಎರಡೂ ಬದಿಯ ಮರಗಳಲ್ಲಿ ಹಣ್ಣಿನ ಬದಲು ಬಟನ್. ಟಿಕೆಟ್ ಕೇಳುವವರಿಲ್ಲ. ಎಲ್ಲಿಗೆ ಎಂದೂ ಯಾರೂ ಕೇಳಲಿಲ್ಲ.

ಮಾರ್ಚ್ 6

ಪಕ್ಕದ ಮನೆ ಬಡಗಿ ತಾತ ಮತ್ತೆ ಶುರು. ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು, ಸುತ್ತಿಗೆ ಬಿಟ್ಟಿಲ್ಲ. ಯಾರೂ ಕೇಳದ ಸ್ಟೂಲುಗಳು, ಒಂದಾದ ಮೇಲೊಂದು. ಇವತ್ತು ಬಸ್ಸು ಸೇತುವೆಯ ಮೇಲಿತ್ತು, ಕೆಳಗೆ ರೇಷ್ಮೆ ಹರಿಯುತ್ತಿತ್ತು. ಧಡ್! ಬಸ್ಸೂ ಇಲ್ಲ, ಸೇತುವೆಯೂ ಇಲ್ಲ. ತಲೆ ಕೆಟ್ಟುಹೋಯಿತು.

ಎದುರಿಗೆ ಹೋಗಿ ಹೇಳುವ ಧೈರ್ಯವಿಲ್ಲ. ನಮ್ಮ ವಠಾರದಲ್ಲಿ ಹಾಗೆ ಹೇಳುವ ಪದ್ಧತಿಯೂ ಇಲ್ಲ. ಗೇಟಿನ ಹತ್ತಿರ, ಪಂಪಿನ ಸ್ವಿಚ್ಚಿನ ಪಕ್ಕ ಒಂದು ಸ್ಲೇಟು ತೂಗುತ್ತಿರುತ್ತದೆ. ತಕರಾರು ಇದ್ದವರು ಬರೆಯಬೇಕು. ಬರೆದವರ ಹೆಸರೂ ಇರಬಾರದು, ಯಾರಿಗೆ ಎಂದೂ ಇರಬಾರದು. ತನಗೇ ಹೇಳಿದ್ದು ಅನ್ನಿಸಿದವರು ಒರೆಸಬೇಕು. ಆಮೇಲೆ ಯಾರೂ ಆ ಸುದ್ದಿ ಎತ್ತುವಂತಿಲ್ಲ. ಆರು ಮನೆ, ಹನ್ನೊಂದು ವರ್ಷ, ಒಂದೂ ಜಗಳವಾಗಿಲ್ಲ.

ಬರೆದೆ: "ಮಧ್ಯಾಹ್ನ ಸದ್ದು ಮಾಡಬೇಡಿ."

ಮಾರ್ಚ್ 7

ಸ್ಲೇಟು ಕ್ಲೀನ್! ಪರವಾಗಿಲ್ಲ ತಾತ.

ಮಾರ್ಚ್ 8, 2.10

ಧಡ್ ಧಡ್ ಧಡ್. ಒರೆಸಿದ್ದು ನನ್ನ ಕಣ್ಣಿಗೆ ಮಣ್ಣೆರಚಲಿಕ್ಕೋ? ಮೇಲೆ ಮಾತ್ರ ಸದ್ದಿಲ್ಲ. ಅಕ್ಕ ಊರಿಗೆ ಹೋಗಿರಬೇಕು.

ಮಾರ್ಚ್ 15

ಊರಿಗೆ ಹೋಗಿಲ್ಲ. ನಲ್ಲಿಯ ಹತ್ತಿರ ಸಿಕ್ಕಳು. ಬೆರಳಿಗೆಲ್ಲ ಬಟ್ಟೆ ಸುತ್ತಿಕೊಂಡಿದ್ದಾಳೆ.

"ಏನಾಯ್ತು ಅಕ್ಕ ಕೈಗೆ?"

"ಮಧ್ಯಾಹ್ನ ಕೈಯಲ್ಲೇ ಹೊಲೀತಿದ್ದೀನಮ್ಮ ಈಗ. ಮಿಷನ್ ಸದ್ದಿಂದ ಯಾರಿಗೂ ತೊಂದ್ರೆ ಆಗಬಾರದಲ್ಲ."

ಮುಖ ನೋಡದೆ ಬಕೆಟ್ ಎತ್ತಿಕೊಂಡು ಹೋದಳು. ನನ್ನ ಕೊಡ ತುಂಬಿ ಹರಿಯುತ್ತಿತ್ತು, ನಲ್ಲಿ ನಿಲ್ಲಿಸಲೂ ತೋಚಲಿಲ್ಲ. ಸ್ಲೇಟು ಒರೆಸಿದ್ದು ತಾತನಲ್ಲ, ಅಕ್ಕ. ತಾತ ಅದನ್ನು ನೋಡಿಯೇ ಇಲ್ಲ.

ಮಾರ್ಚ್ 16

ಹೇಳಬೇಕು. ಒರೆಸಿದ ಮೇಲೆ ಸುದ್ದಿ ಎತ್ತುವಂತಿಲ್ಲವಲ್ಲ... ಸುಳ್ಳು. ಅಡ್ಡ ಬರುತ್ತಿರುವುದು ನಿಯಮವಲ್ಲ, ಹೆದರಿಕೆ. ನಾನೇ ಬರೆದದ್ದು ಅಂದರೆ ಮತ್ತೆ ನನ್ನೊಡನೆ ಮಾತಾಡುತ್ತಾಳೆಯೇ?

ಅರೆನಿದ್ದೆಯಲ್ಲಿ ಬಸ್ಸು ಕಂಡಿತು. ನಿಂತಲ್ಲೇ ನಿಂತಿತ್ತು. ಒಳಗೆ ನಾನೊಬ್ಬಳೇ. ಕಿಟಕಿಯಾಚೆ ಬಿಳಿ ಬಟ್ಟೆ, ಕಣ್ಣು ಹಾಯುವವರೆಗೂ, ಎಲ್ಲೂ ಒಂದು ಹೊಲಿಗೆಯಿಲ್ಲ.

ನಾಳೆ ಹೇಳುತ್ತೇನೆ.

ಮಾರ್ಚ್ 29

ತಾತ ಅಂಗಳದಲ್ಲಿ ಮರದ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದ. ಯಾರಿಗೆ ಎಂದು ಕೇಳಿದೆ.

"ಮೇಲಿನ ಮನೆಯವಳಿಗೆ. ಖಾಲಿ ಮಾಡ್ತಿದ್ದಾಳೆ, ನಾಳೆ ಬೆಳಗ್ಗೆ ಗಾಡಿ. ಮಧ್ಯಾಹ್ನವೆಲ್ಲ ಮಿಷನ್ ನಿಲ್ಲಿಸಿದ್ರೆ ಅವಳ ಹೊಟ್ಟೆಪಾಡು ಹೇಗೆ ನಡೀಬೇಕಮ್ಮ? ಸದ್ದು ಮಾಡಬೇಡಿ ಅಂತ ಯಾರೋ ಸ್ಲೇಟಲ್ಲಿ ಬರೆದ್ರಂತೆ. ಎಂಥ ಜನ ನೋಡು!" ಎಂದು ಇನ್ನೊಂದು ಮೊಳೆ ಧಡ್ಡನೆ ಹೊಡೆದ.

ಅದೇ ದಿನ, ಸಂಜೆ 5

ಹೋದೆ. ಮಿಷನ್ನಿಗೆ ಬೆಡ್‌ಶೀಟು ಸುತ್ತಿ ಹಗ್ಗ ಬಿಗಿದಿತ್ತು. ಮೆಟ್ಟಿಲು ಹತ್ತುವಾಗ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿ, ಬಾಯಿಗೆ ಬಂದದ್ದು ಡ್ಯೂಟಿಯ ದನಿ: "ದಯವಿಟ್ಟು ಗಮನಿಸಿ..." ಅಕ್ಕ ಕಣ್ಣು ಕಣ್ಣು ಬಿಟ್ಟಳು.

"ಸ್ಲೇಟಲ್ಲಿ ಬರೆದಿದ್ದು ನಾನು, ಅಕ್ಕ. ನಿಮಗಲ್ಲ, ತಾತನ ಸುತ್ತಿಗೆಗೆ. ನಿಮ್ಮ ಮಿಷನ್ ಸದ್ದಿಲ್ಲದೆ ನನಗೆ ನಿದ್ದೆನೇ ಬರಲ್ಲ."

ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. "ಎಲ್ಲಾ ಮನೆಯವರೂ ಸೇರಿ ಬರೆಸಿದ್ದು ಅಂದ್ಕೊಂಡಿದ್ದೆ ಕಣಮ್ಮ. ಮೆಟ್ಟಿಲಿಳಿಯೋಕೂ ನಾಚಿಕೆ ಆಗ್ತಿತ್ತು. ನಿನಗೆ ಯಾವಾಗ ಗೊತ್ತಾಯ್ತು?"

"ಎರಡು ವಾರ ಆಯ್ತು."

ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ, ಮಾಡಬೇಕೆಂದು ನನಗೂ ಅನ್ನಿಸಲಿಲ್ಲ. ಬೆರಳಿನ ಬಟ್ಟೆ ಬಿಚ್ಚುತ್ತಾ ಕೂತಿದ್ದಳು. ಕೊನೆಯ ಸುತ್ತು ಬಿಚ್ಚಿ ಅಂದಳು:

"ಇರ್ತೀನಿ. ಆದ್ರೆ ಗಾಡಿಯವನಿಗೆ ನೀನೇ ಹೇಳಿ ವಾಪಸ್ ಕಳಿಸು. ಅಂಗಳದಲ್ಲಿ ನಿಂತು, ಎಲ್ಲರಿಗೂ ಕೇಳೋ ಹಾಗೆ. ಯಾಕೆ ಅಂತಾನೂ ಹೇಳು."

ಮಾರ್ಚ್ 30, ಬೆಳಗ್ಗೆ 8.40

ರಜೆ ಹಾಕಿದೆ. ಅಕ್ಕನನ್ನು ಕಳಿಸಿಕೊಡಲು ಎಲ್ಲರೂ ಅಂಗಳದಲ್ಲಿ ಸೇರಿದ್ದಾರೆ. ತಾತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದಾನೆ. ಅವನ ಎದುರಿಗೇ ಅವನ ಮಾತು ಎತ್ತಬೇಕು, ಬೇಜಾರು ಮಾಡಿಕೊಂಡರೆ ತಡೆದುಕೊಳ್ಳಬೇಕು. ಕನಸಿನಲ್ಲಿ ನಡೆದ ಹಾಗೆ, ನೆಲ ಕಾಲಿಗೆ ಸಿಗುತ್ತಿಲ್ಲ.

ಹಾರ್ನ್. ಗಾಡಿ ಒಳಗೆ ಬಂತು. ಅಕ್ಕ ಮೇಲೆ ಕಂಬಿ ಹಿಡಿದು ನಿಂತು ನನ್ನ ಬಾಗಿಲನ್ನೇ ನೋಡುತ್ತಿದ್ದಾಳೆ. "ನಾನೇ" ಎಂಬಲ್ಲಿಂದ ಶುರು ಮಾಡಬೇಕು. ಡ್ರೈವರ್ ಇಳಿದ. ಪೆನ್ನು ಇಟ್ಟು ಹೊರಟೆ.