ಪೆನ್ನಿಯ ಬಾಲದ ಬಾಟಲಿ

ಜೂನ್ ೧೯, ಬೆಳಿಗ್ಗೆ

ಪೆನ್ನಿಗೆ ಹುಲ್ಲು ಹಾಕಿ, ಗೊರಸು ಕೆರೆದು, ಬಾಲ ತೊಳೆದಾಯಿತು. ಕುದುರೆಯ ಬಾಲ ನನ್ನ ತಲೆಗಿಂತ ಚೆನ್ನಾಗಿದೆ. ನೋಡಿ ಹೊಟ್ಟೆ ಉರಿಯಿತು. ನನ್ನದೇ ಕುದುರೆಯ ಮೇಲೆ ಹೊಟ್ಟೆಕಿಚ್ಚು! ಈ ಗತಿಗೆ ತಂದವಳು ಮಾರ್ಲಾ.

ಅವಳ ಜೊತೆ ಮಾತು ಬಿಟ್ಟಿದ್ದೇನೆ. ಬಿಡದೆ ಇನ್ನೇನು? ಸ್ವಂತ ಅಕ್ಕ ಅಂತ ನಂಬಿ ಅವಳ ಸಲೂನಿನ ಕುರ್ಚಿಯಲ್ಲಿ ಕೂತೆ. "ಸ್ವಲ್ಪ ಬಣ್ಣ ತಿಳಿ ಮಾಡ್ತೀನಿ ಡೀನಾ, ಬಿಸಿಲಿಗೆ ಹೊಳೀಬೇಕು" ಎಂದಳು. ಬ್ಲೀಚ್ ಬಳಿದಳು. ಫೋನು ಬಂತು — ಅವಳ ಹುಡುಗನದು. ನಕ್ಕಳು, ಮುನಿಸಿಕೊಂಡಳು, ಮತ್ತೆ ನಕ್ಕಳು. ತಲೆ ಉರೀತಿದೆ ಕಣೇ ಎಂದು ನಾನು ಕೂಗಿದರೆ, ಕೈ ಆಡಿಸಿ "ಒಂದ್ನಿಮಿಷ" ಎಂದಳು. ತೊಳೆಯುವಾಗ ಸಿಂಕಿನ ತುಂಬ ಹಿಡಿಹಿಡಿ ಕೂದಲು. ಉಳಿದದ್ದು ಒಣಹುಲ್ಲು. ಕುತ್ತಿಗೆಯ ಹಿಂದೆ ಮುಷ್ಟಿ ಗಾತ್ರದ ಸಿಕ್ಕು. ಬಾಚಲು ಹೋದರೆ ಬಾಚಣಿಗೆಯ ಹಲ್ಲೇ ಮುರಿಯಿತು.

ರೋಡಿಯೋ ಕುದುರೆ ಜಾತ್ರೆಯ ರಾಣಿ ಸ್ಪರ್ಧೆ ಜುಲೈ ಒಂಬತ್ತಕ್ಕೆ. ಇಪ್ಪತ್ತೈದು ತುಂಬಿದವರು ನಿಲ್ಲುವ ಹಾಗಿಲ್ಲ. ನನಗೆ ನವೆಂಬರಿನಲ್ಲಿ ತುಂಬುತ್ತದೆ. ಹ್ಯಾಟಿನ ಕೆಳಗೆ ಬೆನ್ನಿನ ತನಕ ಗುಂಗುರು ಕೂದಲು ಇಳಿಬಿಡದ ರಾಣಿಯನ್ನು ಈ ಕೌಂಟಿ ಇವತ್ತಿನವರೆಗೂ ಕಂಡಿಲ್ಲ. ಎರಡು ಸಲ ಎರಡನೆಯವಳಾಗಿ ಹಲ್ಲು ಕಿರಿದುಕೊಂಡು ನಿಂತದ್ದು ಸಾಕು. ಇದೇ ಕೊನೆಯ ಸಲ. ಗೆಲ್ಲಲೇಬೇಕು.

ಜೂನ್ ೧೯, ಮಧ್ಯಾಹ್ನ

ಅಮ್ಮ ನನ್ನ ಅಂಗಿಗೆ ಮಿನುಗು ಕಲ್ಲು ಹೊಲಿಯುತ್ತ ತಲೆ ಎತ್ತದೆ ಹೇಳಿದಳು, "ಕತ್ತರಿಸ್ಬಿಡು. ಕೂದಲು ಮತ್ತೆ ಬರುತ್ತೆ."

"ಕೂದಲು ಬರುತ್ತೆ. ಈ ವರ್ಷ ಬರುತ್ತಾ?"

"ನನ್ನ ಮೇಲೆ ಯಾಕೆ ಹಾರಾಡ್ತೀಯ? ಸುಟ್ಟವಳನ್ನ ಕೇಳು."

ಕೇಳುವುದೇನು, ಅವಳ ಮುಖ ನೋಡಿದರೆ ಮೈಯೆಲ್ಲ ಉರಿಯುತ್ತದೆ. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಮೇವಿನ ಅಂಗಡಿಗೆ ಹೋದೆ. ಕುದುರೆ ಬಾಲದ ಶಾಂಪೂ, ಕಂಡೀಷನರ್ — ಎರಡೂ ದೊಡ್ಡ ಡಬ್ಬಿ. ಮುದುಕ ವರ್ಜಿಲ್ ಸ್ಕಾರ್ಫನ್ನೂ ಡಬ್ಬಿಯನ್ನೂ ಒಂದು ಸಲ ನೋಡಿದ.

"ಪೆನ್ನಿಗಾ, ನಿಂಗಾ?"

"ನಿನಗ್ಯಾಕೆ?"

"ಏನಿಲ್ಲಮ್ಮ. ಹಚ್ಕೊಂಡ ಮೇಲೆ ಕೆನೆಯೋಕೆ ಶುರುವಾದ್ರೆ ನನ್ನ ಅಂಗಡಿ ಹೆಸರು ಹೇಳ್ಬೇಡ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಇವತ್ತು ಬಾಗಿಲನ್ನು ದಡಾರನೆ ಹಾಕಿಕೊಂಡು ಬಂದೆ.

ಜೂನ್ ೨೨

ಕಂಡೀಷನರ್ ಸುರಿದುಕೊಂಡು ಲಾಯದಲ್ಲಿ ಕೂತಿದ್ದೆ. ಸಿಕ್ಕಿನ ಹತ್ತಿರ ನನ್ನ ಕೈ ಸರಿಯಾಗಿ ಹೋಗುವುದಿಲ್ಲ. ತೋಳು ಸೋತು ಅಳು ಬಂದಿತ್ತು — ಸಿಟ್ಟಿನ ಅಳು. ಹಿಂದಿನಿಂದ ಹೆಜ್ಜೆ ಸದ್ದು. ತಿರುಗದೆಯೇ ಗೊತ್ತಾಯಿತು, ಮಾರ್ಲಾ. ಬಕೆಟ್ ಬೋರಲು ಹಾಕಿ ನನ್ನ ಬೆನ್ನ ಹಿಂದೆ ಕೂತು, ಹೇಳದೆ ಕೇಳದೆ ಕೂದಲಿಗೆ ಕೈ ಹಾಕಿದಳು.

ಬಾಚಣಿಗೆ ಮುಟ್ಟಲಿಲ್ಲ. ಬಾಲಕ್ಕೆ ಮಾಡುವ ಹಾಗೆಯೇ ಬೆರಳಿನಲ್ಲಿ, ತುದಿಯಿಂದ ಮೇಲಕ್ಕೆ, ನಾಲ್ಕು ನಾಲ್ಕು ಎಳೆ ಬಿಡಿಸುತ್ತ. ಚಿಕ್ಕವರಿದ್ದಾಗ ಅಪ್ಪ ಕಲಿಸಿದ್ದು ಹಾಗೆ. ಬಾಲದ ಒಂದು ಎಳೆ ಕಿತ್ತರೆ ಬೈಗುಳ ಗ್ಯಾರಂಟಿ.

"ಬೈದು ಮುಗಿಸ್ಬಿಡು" ಎಂದಳು.

"ನಿನ್ನ ಹತ್ರ ಮಾತಾಡಲ್ಲ ನಾನು."

"ಈಗ ಆಡಿದ್ದೇನು?"

"ಮಾರ್ಲಾ, ಎದ್ದು ಹೋಗು."

"ಸಿಕ್ಕು ಬಿಟ್ಮೇಲೆ ಹೋಗ್ತೀನಿ. ತಲೆ ಅಲ್ಲಾಡಿಸ್ಬೇಡ. ಪೆನ್ನಿ ವಾಸಿ, ನಿನಗಿಂತ ಸುಮ್ಮನೆ ನಿಲ್ತಾಳೆ."

ಒಂದು ಮೂಲೆ ಬಿಟ್ಟಿತು. ನಾಳೆ ಬರುತ್ತೇನೆ ಎಂದು ಹೋದಳು. ನಾನು ಹೂಂ ಅನ್ನಲಿಲ್ಲ. ಬರಬೇಡ ಅಂತಲೂ ಅನ್ನಲಿಲ್ಲ.

ಜುಲೈ ೩

ಇಷ್ಟು ದಿನ ಬರೆಯಲು ಕೈ ಬಿಡುವಿರಲಿಲ್ಲ. ಸಿಕ್ಕು ಬಿಟ್ಟಿತು! ಪೂರ್ತಿ! ಮಾರ್ಲಾ ಸಂಜೆ ಸಂಜೆ ಸಲೂನು ಮುಚ್ಚಿ ಬರುತ್ತಿದ್ದಳು. ಅವಳ ಬೆರಳ ತುದಿಗಳೆಲ್ಲ ಸುಲಿದಿವೆ. ಪಾಪ ಅನ್ನಿಸಿತು, ಆಮೇಲೆ ಆ ಫೋನು ನೆನಪಾಗಿ ಪಾಪ ಅನ್ನಿಸುವುದು ನಿಂತಿತು.

ಇವತ್ತು ಪೆನ್ನಿಯ ಪೆಟ್ಟಿಗೆಯಿಂದ ಹೊಳಪಿನ ಸ್ಪ್ರೇ ತೆಗೆದು ನನ್ನ ತಲೆಗೆ ಹೊಡೆದುಕೊಂಡೆ. ಹಣ್ಣಿನ ಮಿಠಾಯಿಯ ವಾಸನೆ. ಕನ್ನಡಿಯಲ್ಲಿ ನೋಡಿದರೆ ನಂಬಲಾಗಲಿಲ್ಲ. ಹಳೇ ಕೂದಲೇ!

ಮಾರ್ಲಾ ಬಾಟಲಿ ಕಿತ್ತುಕೊಂಡಳು. "ಸ್ಪರ್ಧೆ ಹಿಂದಿನ ದಿನದ ತನಕ ಏನಾದ್ರೂ ಮಾಡ್ಕೊ. ಸ್ಪರ್ಧೆ ದಿನ ಬೆಳಿಗ್ಗೆ ಪಾತ್ರೆ ತೊಳೆಯೋ ಸೋಪಲ್ಲಿ ತೊಳೆದ್ಬಿಡ್ತೀನಿ. ಆಮೇಲೆ ಒಂದು ಹನಿನೂ ಬೇಡ."

"ಯಾಕೆ?"

"ಯಾಕೆ ಅಂತ ನನ್ನ ಕೇಳ್ತೀಯಾ? ಜೀನು ಕೂರೋ ಜಾಗಕ್ಕೆ ಯಾಕೆ ಹೊಡೆಯಲ್ಲ?"

ಗೊತ್ತು. ಜಾರುತ್ತದೆ — ಜೀನೂ, ಹ್ಯಾಟೂ. ಹೋದ ಬೇಸಿಗೆಯಲ್ಲಿ ನನ್ನ ಹತ್ತಿರ ಸವಾರಿ ಕಲಿಯುವ ಪುಟ್ಟ ಹುಡುಗಿಯೊಬ್ಬಳು ಕುದುರೆಯ ಬೆನ್ನಿಗೂ ಹೊಡೆದು, ಜೀನಿನ ಸಮೇತ ಹೊಟ್ಟೆಯ ಕೆಳಗೆ ಜಾರಿಬಿದ್ದಳು. ಅವತ್ತು ಎಲ್ಲ ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ ಪಾಠ ಹೇಳಿದವಳೇ ನಾನು. ನನಗೇ ಹೇಳಿಕೊಡಲು ಬಂದಳು! ಕೂದಲು ಸುಟ್ಟವಳು! ಕಿರುಚಾಡಿದೆ. ಅವಳು ಬಾಟಲಿಯನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದಳು, ಅಷ್ಟೇ.

ಜುಲೈ ೯, ಮಧ್ಯಾಹ್ನ. ಕುದುರೆ ಸಾಗಿಸುವ ಟ್ರೇಲರಿನಲ್ಲಿ

ಬೆಳಿಗ್ಗೆ ಮಾರ್ಲಾ ತಲೆ ತೊಳೆದು, ಸುರುಳಿ ಸುತ್ತಿ, ಹ್ಯಾಟು ಕೂರಿಸಿ ಪಿನ್ನು ಚುಚ್ಚಿ ಹೋದಳು. ನನ್ನ ಸವಾರಿ ಚೆನ್ನಾಯಿತು. ಭಾಷಣವೂ ಚೆನ್ನಾಯಿತು. ಈಗ ರಾಣಿಯ ಸುತ್ತು ಒಂದೇ ಬಾಕಿ — ಅಖಾಡದ ಸುತ್ತ ಕುದುರೆ ಓಡಿಸುತ್ತ ಜನಕ್ಕೆ ಕೈ ಬೀಸುವುದು. ಹ್ಯಾಟು ಬಿದ್ದರೆ ಮುಗಿಯಿತು, ಕಥೆ ಅಲ್ಲಿಗೇ.

ಗಾಳಿ ಒಣಗಾಳಿ. ಸ್ಪರ್ಧೆಯಲ್ಲಿ ನನ್ನ ಎದುರಾಳಿ ಕೆಂಡ್ರಾ ತನ್ನ ಉದ್ದ ಕೂದಲು ಕೊಡವಿಕೊಂಡು ಬಂದು, "ಅಯ್ಯೋ ಡೀನಾ, ಬೇಲಿಯೊಳಗೆ ನುಗ್ಗಿ ಬಂದ ಕುರಿ ಹಾಗೆ ಆಗಿದೀಯಲ್ಲೇ!" ಎಂದಳು. ಅವಳ ಬಾಯಿಗೆ ಮಣ್ಣು ಬೀಳಲಿ. ಆದರೆ ಕನ್ನಡಿ ನೋಡಿದೆ. ನಿಜ. ಎಲ್ಲ ಕೆದರಿ ನಿಂತಿದೆ.

ಪೆನ್ನಿಯ ಪೆಟ್ಟಿಗೆ ಇಲ್ಲೇ ಇದೆ. ಹ್ಯಾಟು ತೆಗೆದಿಟ್ಟೆ. ತುದಿಗೆ ಮಾತ್ರ. ಬುಡಕ್ಕೆ ಬೇಡ, ತುದಿಗೆ ಹೊಡೆದು ಕೈಯಲ್ಲಿ ಸವರಿದರೆ ಸಾಕು... ಆಯಿತು. ಹೊಳೆಯುತ್ತಿದೆ. ಪಿನ್ನು ನಾನೇ ಚುಚ್ಚಿಕೊಂಡೆ. ಹೆಸರು ಕೂಗುತ್ತಿದ್ದಾರೆ —

ಜುಲೈ ೧೦

ಬಿತ್ತು.

ತುದಿಗೆ ಮಾತ್ರ ಹೊಡೆದಿದ್ದೆ. ಅದೇ ಕೈಯಲ್ಲಿ ಹ್ಯಾಟು ಹಿಡಿದೆನಲ್ಲ, ಒಳಗಿನ ಪಟ್ಟಿ ಹಿಡಿದು ಒತ್ತಿ ಕೂರಿಸಿದೆನಲ್ಲ! ಪೆದ್ದಿ! ಎರಡನೆಯ ತಿರುವಿನಲ್ಲಿ ಪೆನ್ನಿ ವೇಗ ಹಿಡಿದಳು, ಪಿನ್ನಿನಿಂದ ಬಿಡಿಸಿಕೊಂಡು ಹ್ಯಾಟು ಬೆಣ್ಣೆಯ ಹಾಗೆ ಜಾರಿತು. ಜನ ಒಟ್ಟಿಗೇ "ಓ..." ಎಂದರು. ಕೆಂಡ್ರಾ ರಾಣಿ. ನಾನು ಮತ್ತೆ ಎರಡನೆಯವಳು. ಇನ್ನು ಯಾವತ್ತೂ ಅಷ್ಟೇ.

ಅಮ್ಮ ಬೇಲಿಯ ಹತ್ತಿರವೇ ಮಾರ್ಲಾಳನ್ನು ಹಿಡಿದುಕೊಂಡಳು. ಊರೆಲ್ಲ ನೋಡುತ್ತಿತ್ತು.

"ಮೊದಲು ಕೂದಲು ಸುಟ್ಟೆ. ಈಗ ಒಂದು ಪಿನ್ನು ನೆಟ್ಟಗೆ ಚುಚ್ಚೋಕೆ ಬರ್ಲಿಲ್ವಾ ನಿಂಗೆ? ತಂಗಿ ಮೇಲೆ ಏನೇ ಹಗೆ ನಿಂಗೆ?"

ಅಖಾಡದಿಂದ ತಂದ ಹ್ಯಾಟು ಮಾರ್ಲಾಳ ಕೈಯಲ್ಲಿತ್ತು. ನನ್ನ ಹತ್ತಿರ ಬಂದು ಕೂದಲಿನಲ್ಲಿ ಉಳಿದಿದ್ದ ಪಿನ್ನು ತೆಗೆಯಲು ಕೈ ಹಾಕಿದಳು. ಬೆರಳು ಜಾರಿತು. ನಿಂತಳು. ಬಗ್ಗಿ ಮೂಸಿದಳು. ನನ್ನ ಮುಖ ನೋಡಿದಳು.

ನಾನು ಬಾಯಿ ಬಿಡಲಿಲ್ಲ. ಅವಳೂ ಬಿಡಲಿಲ್ಲ. ಹ್ಯಾಟು ನನ್ನ ಕೈಗಿಟ್ಟು ಹೋದಳು.

ಜುಲೈ ೧೪

ಊರಿಗೆ ಬೇರೆ ಮಾತಿಲ್ಲ. ಮಾರ್ಲಾಳ ಗಿರಾಕಿ ಮಿಸೆಸ್ ಹೋಲ್ಟ್ ಶನಿವಾರ ಕೂದಲು ಗುಂಗುರು ಮಾಡಿಸುವ ಪರ್ಮ್ ಬೇಡ ಎಂದರಂತೆ. ಮದುವೆ ಹುಡುಗಿಯೊಬ್ಬಳು ಪಕ್ಕದ ಊರಿಗೆ ಹೋಗುತ್ತಾಳಂತೆ. ಅಮ್ಮ ಇದನ್ನು ಊಟಕ್ಕೆ ಕೂತಾಗ ಹೇಳುತ್ತಾಳೆ, "ಹಾಗೇ ಆಗ್ಬೇಕು" ಎಂಬ ದನಿಯಲ್ಲಿ.

ಮಾರ್ಲಾ ಇನ್ನೂ ಹೇಳಿಲ್ಲ. ಯಾಕೆ ಹೇಳುವುದಿಲ್ಲ? ಬಾಯಿ ಬಿದ್ದುಹೋಗಿದೆಯೇ? ಮನೆಗೆ ಬಂದು "ಅದು ಡೀನಾಳ ಕೆಲಸ" ಎಂದು ಕಿರುಚಬಾರದೇ? ಕಿರುಚಿದರೆ ನಾನೂ ಕಿರುಚಬಹುದಿತ್ತು. ಜಗಳವಾಡಿ ಮುಗಿಸಬಹುದಿತ್ತು. ಸುಮ್ಮನಿದ್ದು ಕೊಲ್ಲುತ್ತಿದ್ದಾಳೆ. ಮಹಾ ತ್ಯಾಗಮಯಿ! ಸಿಟ್ಟು ಯಾರ ಮೇಲೆ ಬರಬೇಕೋ ಅವರನ್ನು ಬಿಟ್ಟು ಎಲ್ಲರ ಮೇಲೂ ಬರುತ್ತಿದೆ. ಪೆನ್ನಿಯ ಮೇಲೂ ರೇಗಿದೆ. ಅವಳು ಕಿವಿ ಹಿಂದಕ್ಕೆ ಮಾಡಿ ನನ್ನ ಕಡೆ ಬೆನ್ನು ತಿರುಗಿಸಿ ನಿಂತಳು.

ಜುಲೈ ೧೭, ಭಾನುವಾರ

ಚರ್ಚಿನ ಹಿಂದೆ ಊಟ. ಉದ್ದ ಮೇಜು, ಆಲೂಗಡ್ಡೆ ಸಲಾಡ್, ಕರಿದ ಕೋಳಿ. ಮಾರ್ಲಾ ಮೇಜಿನ ಆ ತುದಿಯಲ್ಲಿ. ಅವಳ ಪಕ್ಕದ ಕುರ್ಚಿ ಖಾಲಿ.

ಮಿಸೆಸ್ ಹೋಲ್ಟ್ ಅಮ್ಮನಿಗೆ ಹೇಳಿದರು, "ಪಾಪ ನಿಮ್ಮ ಚಿಕ್ಕವಳು. ಕೊನೇ ವರ್ಷ ಬೇರೆ."

ಅಮ್ಮ ಅಂದಳು, "ಏನು ಮಾಡೋದು, ದೊಡ್ಡವಳ ಕೈ ಅಂಥದ್ದು. ಮುಟ್ಟಿದ್ದೆಲ್ಲ ಹಾಳು."

ಮಾರ್ಲಾ ತಟ್ಟೆ ನೋಡುತ್ತ ಅಗಿಯುತ್ತಿದ್ದಳು. ಆ ಬೆರಳುಗಳು ಕಂಡವು. ಸುಲಿದ ಚರ್ಮ ಇನ್ನೂ ಕೂಡಿಲ್ಲ. ನನಗೆ ಏನಾಯಿತೋ, ಎದ್ದು ನಿಂತುಬಿಟ್ಟೆ. ಕುರ್ಚಿ ಹಿಂದಕ್ಕೆ ಬಿತ್ತು.

"ಸಾಕು ಮುಚ್ಚಮ್ಮ ಬಾಯಿ! ಕುದುರೆ ಸ್ಪ್ರೇ ಹೊಡ್ಕೊಂಡವಳು ನಾನು! ಅವಳು ಬೇಡ ಬೇಡ ಅಂದ್ಲು, ತೊಳೆದ್ಲು, ಪಿನ್ನು ನೆಟ್ಟಗೇ ಚುಚ್ಚಿದ್ಲು. ಕಿತ್ತು ಹಾಕಿದ್ದು ನಾನು. ಅವಳ ಕೈ ಅಲ್ಲ, ನನ್ನ ಕೈ! ಮಿಸೆಸ್ ಹೋಲ್ಟ್, ನೀವು ಪರ್ಮ್ ಮಾಡಿಸ್ಕೊಳ್ತೀರೋ ಬಿಡ್ತೀರೋ, ಇದನ್ನ ಕೇಳಿಸ್ಕೊಳ್ಳಿ!"

ಎಲ್ಲರೂ ಚಮಚ ಹಿಡಿದು ಕೂತುಬಿಟ್ಟರು. ಅಮ್ಮ ಪಿಸುಗುಟ್ಟಿದಳು, "ಕೂತ್ಕೊಳೇ, ಜನ ನೋಡ್ತಿದಾರೆ." ಅವತ್ತು ಬೇಲಿಯ ಹತ್ತಿರ ಜನ ನೋಡುತ್ತಿರಲಿಲ್ಲವೇ?

ಮಾರ್ಲಾ ಎದ್ದು ಕಾರಿನ ಕಡೆ ನಡೆದಳು. ಹಿಂದೆಯೇ ಓಡಿದೆ. ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ, ನನ್ನ ತಲೆ!

"ಇವತ್ತು ಬಾಯಿ ಬಂತಾ?" ಎಂದಳು. "ಸುಟ್ಟಿದ್ದು ನಾನು. ನೀನು ಬೈದೆ, ಬೈಸ್ಕೊಂಡೆ. ಒಂದು ಸಲನಾದ್ರೂ ಇಲ್ಲ ಅಂದ್ನಾ? ನೀನು ಹೇಳ್ತೀಯ, ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ ಕಾದೆ ಕಣೇ."

"ಈಗ ಹೇಳಿದ್ನಲ್ಲ!"

"ಅಮ್ಮನಿಗೆ ಹೇಳ್ದೆ. ಮಿಸೆಸ್ ಹೋಲ್ಟ್‌ಗೆ ಹೇಳ್ದೆ. ನಂಗೇನು ಹೇಳ್ದೆ?"

ಕಾರು ಧೂಳೆಬ್ಬಿಸಿಕೊಂಡು ಹೋಯಿತು. ಕೈಯಲ್ಲಿದ್ದ ಫೋರ್ಕು ಹಿಡಿದುಕೊಂಡೇ ನಿಂತಿದ್ದೆ.

ಜುಲೈ ೨೦, ಸಂಜೆ. ಮಾರ್ಲಾಳ ಸಲೂನಿನಲ್ಲಿ

ಸಿಕ್ಕು ಮತ್ತೆ ಕಟ್ಟಿದೆ, ಅದೇ ಜಾಗದಲ್ಲಿ. ಅಲ್ಲಿಗೆ ನನ್ನ ಕೈ ಹೋಗುವುದಿಲ್ಲ. ಕಂಡೀಷನರ್ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಬಂದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತೆ — ಬೀದಿಯವರಿಗೆಲ್ಲ ಕಾಣುವ ಕುರ್ಚಿ. ಕಾಣಲಿ. ಅದಕ್ಕೇ ಕೂತದ್ದು. ಮಿಸೆಸ್ ಹೋಲ್ಟ್ ಆಗಲೇ ಎರಡು ಸಲ ಹಾದುಹೋದರು.

ಮಾರ್ಲಾ ನೆಲ ಗುಡಿಸಿ ಮುಗಿಸಿದಳು. ಬಂದು ಸಿಕ್ಕನ್ನು ಒತ್ತಿ ನೋಡಿದಳು.

"ಬಿಡಿಸ್ಲಾ, ಕತ್ತರಿಸ್ಲಾ?"

"ನಿನ್ನಿಷ್ಟ."

"ನನ್ನಿಷ್ಟ ಅಂತ ಬಿಟ್ಟು ಒಂದ್ಸಲ ಸುಟ್ಕೊಂಡಿದೀಯ. ಬಾಯಿ ಬಿಟ್ಟು ಹೇಳು."

"ಬಿಡಿಸು."

ಫೋನಿನ ರಿಸೀವರು ತೆಗೆದು ಪಕ್ಕಕ್ಕಿಟ್ಟಳು. ನೀರು ಬಿಸಿ ಮಾಡುತ್ತಿದ್ದಾಳೆ. ಆ ಹೊತ್ತಿನಲ್ಲಿ ಇದನ್ನು ಗೀಚುತ್ತಿದ್ದೇನೆ. ಇನ್ನೂ ಒಂದು ಮಾತು ಬಾಕಿ ಇದೆ, ತಪ್ಪಾಯ್ತು ಅನ್ನುವುದು. ಊರಿಗೆಲ್ಲ ಕೂಗಿ ಹೇಳಿದವಳಿಗೆ ಇವಳೊಬ್ಬಳಿಗೆ ಹೇಳಲು ನಾಲಿಗೆ ಏಳುತ್ತಿಲ್ಲ. ನನ್ನ ಮೇಲೆ ನನಗೇ ಎಂಥ ಸಿಟ್ಟು!

ಬಂದಳು. ಪುಸ್ತಕ ಮುಚ್ಚು, ತಲೆ ಬಗ್ಗಿಸು ಅನ್ನುತ್ತಿದ್ದಾಳೆ. ಬಗ್ಗಿಸಿದರೆ ಅವಳ ಮುಖ ಕಾಣುವುದಿಲ್ಲ. ಹಾಗಾದರೆ ಹೇಳಿಬಿಡಬಹುದು. ಅವಳು ನೀರು ಸುರಿಯುವ ಮೊದಲು, ಈಗಲೇ —