ಬಸ್ಸು ಹತ್ತದವರ ಲೆಕ್ಕ

ಫೆಬ್ರವರಿ 3, ಸೋಮವಾರ

ನಾಲ್ಕು ಗಂಟೆಗೆ ಎಂದಿನಂತೆ ಅಂಗಡಿಯಿಂದ ಹೊರಬಿದ್ದೆ. ಹೊರಬಿದ್ದೆ ಎನ್ನುವುದು ಮರ್ಯಾದೆಯ ಮಾತು. ಅಣ್ಣನ ಮಗ ಗಲ್ಲಾದ ಕುರ್ಚಿ ಬಿಟ್ಟು ಏಳುವುದಿಲ್ಲ. "ಚಿಕ್ಕಪ್ಪ, ಮನೆಗೆ ಹೋಗಿ ರೆಸ್ಟ್ ತಗೊಳ್ಳಿ" ಅಂತಾನೆ. ಸಿಮೆಂಟ್ ಚೀಲ ಹೊತ್ತು ಕಟ್ಟಿದ ಹಾರ್ಡ್‌ವೇರ್ ಅಂಗಡಿ. ಅದರಲ್ಲಿ ಈಗ ನನ್ನ ಪಾಲಿಗೆ ಉಳಿದಿರುವುದು ಒಂದು ಕಬ್ಬಿಣದ ಸ್ಟೂಲು, ಅದೂ ಪೇಂಟ್ ಡಬ್ಬಗಳ ಹಿಂದೆ.

ಮನೆಯಲ್ಲಿ ಯಾರಿದ್ದಾರೆ? ಹೆಂಡತಿ ಹೋಗಿ ಮೂರು ವರ್ಷ. ಗೋಡೆ ಗಡಿಯಾರ ಮಾತಾಡುತ್ತದೆ, ಹೇಳಿದ್ದನ್ನೇ ಹೇಳುತ್ತದೆ.

ಹಾಗಾಗಿ ಎದುರಿನ ಬಸ್ ಶೆಲ್ಟರ್‌ನ ಕಲ್ಲುಬೆಂಚು. ನಾಲ್ಕೂ ಹತ್ತಕ್ಕೆ ಸಿಸ್ಟರ್ ಬಂದರು. ರಿಟೈರಾದ ನರ್ಸು. ದಿನಾ ಆರೈಕೆ ಕೇಂದ್ರದಲ್ಲಿರುವ ಅಕ್ಕನನ್ನು ನೋಡಿಕೊಂಡು ನಡೆದೇ ವಾಪಸ್ಸು. ಆ ದಾರಿಗೆ ಬಸ್ಸಿಲ್ಲ. "ಡಾಕ್ಟ್ರು ನಡೀ ಅಂತಾರೆ, ಮಂಡಿ ಕೂತ್ಕೋ ಅನ್ನುತ್ತೆ. ಇಬ್ಬರ ಮಾತೂ ಕೇಳ್ತೀನಿ" ಅಂದರು. ಫ್ಲಾಸ್ಕಿನ ಮುಚ್ಚಳದಲ್ಲಿ ನನಗೂ ಟೀ. ಇಪ್ಪತ್ತು ನಿಮಿಷ. ಆಮೇಲೆ ಅವರು ಆ ಕಡೆ, ನಾನು ಈ ಕಡೆ.

ಫೆಬ್ರವರಿ 5, ಬುಧವಾರ

ನಗರಸಭೆಯ ನೋಟೀಸು. ಊರಿನ ಇಪ್ಪತ್ತಾರು ಶೆಲ್ಟರ್ ಕಿತ್ತು ಹೊಸದು ಹಾಕುತ್ತಾರಂತೆ. ಗಾಜು, ಸ್ಟೀಲು, ಮೊಬೈಲ್ ಚಾರ್ಜಿಂಗ್. ಒಂದಕ್ಕೆ ಹನ್ನೆರಡು ಲಕ್ಷ! ಮೂಗಿಗಿಂತ ಮೂಗುತಿ ಭಾರ. ನಮ್ಮದರ ತಗಡು ನಾನೇ ಸಪ್ಲೈ ಮಾಡಿದ್ದು, ಹತ್ತೊಂಬತ್ತು ವರ್ಷದ ಹಿಂದೆ. ಎರಡು ಕಂಬ ಬದಲಿಸಿ ಬಣ್ಣ ಹೊಡೆದರೆ ನಲವತ್ತು ಸಾವಿರದಲ್ಲಿ ಮುಗಿಯುತ್ತದೆ.

ಅಹವಾಲು ಸಭೆಗೆ ವರ್ತಕರ ಸಂಘದಿಂದ ನನ್ನನ್ನೇ ಕಳಿಸುತ್ತಾರೆ. "ನಿಮಗೆ ಬಾಯಿದೆ, ಟೈಮೂ ಇದೆ" ಎಂದರು ಅಧ್ಯಕ್ಷರು. ಎರಡನೆಯದನ್ನು ಹೇಳದಿದ್ದರೂ ನಡೆಯುತ್ತಿತ್ತು.

ಫೆಬ್ರವರಿ 11, ಮಂಗಳವಾರ

ಬರೀ ಬಾಯಿ ಸಾಲದು, ಅಂಕಿ ಬೇಕು. ಬೆಳಗ್ಗೆ ಏಳರಿಂದ ಸಂಜೆ ಏಳರವರೆಗೆ ಶೆಲ್ಟರ್‌ನಲ್ಲಿ ಕೂತು ಬಸ್ಸು ಹತ್ತಿದವರನ್ನು ಎಣಿಸಿದೆ. ಹನ್ನೊಂದು! ಖುಷಿಯಾಯಿತು. ವರ್ಷಗಳ ನಂತರ ಮೈಯಲ್ಲಿ ಕೆಲಸದ ಬಿಸಿ.

ಸಿಸ್ಟರ್ ಹಾಳೆಯಲ್ಲಿ ಇಣುಕಿದರು. "ಯಜಮಾನ್ರೇ, ನನ್ನನ್ನ ಯಾವ ಕಾಲಂನಲ್ಲಿ ಹಾಕಿದ್ರಿ?"

"ನೀವು ಬಸ್ಸೇ ಹತ್ತಲ್ವಲ್ಲ ಸಿಸ್ಟರ್."

"ನೀವೂ ಹತ್ತಲ್ಲ."

"ಅದಕ್ಕೇ ನಾನೂ ಇಲ್ಲ."

"ಹಾಗಾದ್ರೆ ಇಲ್ಲದಿರೋರಿಬ್ಬರು ಟೀ ಕುಡಿಯೋಣ ಬನ್ನಿ" ಎಂದು ಮುಚ್ಚಳ ಬಿಚ್ಚಿದರು. ತುಂಬಾ ನಕ್ಕೆ. ಮನೆಗೆ ಬಂದ ಮೇಲೂ ಒಮ್ಮೆ ನಕ್ಕೆ. ಕೇಳುವವರಿಲ್ಲದೆ ನಕ್ಕರೆ ಕೆಮ್ಮಿದ ಹಾಗೆ ಕೇಳುತ್ತದೆ.

ಫೆಬ್ರವರಿ 21, ಶುಕ್ರವಾರ

ಗೆದ್ದೆ.

"ಹನ್ನೊಂದು ಜನಕ್ಕೆ ಹನ್ನೆರಡು ಲಕ್ಷ! ಅಷ್ಟೂ ಜನಕ್ಕೆ ಒಂದೊಂದು ಒಳ್ಳೇ ಛತ್ರಿ ಕೊಡಿಸಿ ಸ್ವಾಮಿ, ಉಳಿದ ದುಡ್ಡಲ್ಲಿ ಒಂದು ಬಸ್ಸನ್ನಾದರೂ ಟೈಮಿಗೆ ಬಿಡಿ" ಅಂದೆ. ಸಭೆಗೆ ಸಭೆಯೇ ನಕ್ಕಿತು. ನಗರಸಭೆಯ ಇಂಜಿನಿಯರ್ ಕೂಡ. ನನ್ನ ಎಣಿಕೆ ಹಾಳೆಯನ್ನೇ ಕೇಳಿ ತೆಗೆದುಕೊಂಡರು. ಸೈನ್ ಹಾಕಿ ಕೊಟ್ಟೆ. ನಮ್ಮ ಸ್ಟಾಪ್ ಹೊಸದರ ಪಟ್ಟಿಯಿಂದ ಹೊರಗೆ.

ಅಣ್ಣನ ಮಗ ಫೋನಿನಲ್ಲಿ, "ಚಿಕ್ಕಪ್ಪ, ಬೆಂಕಿ!" ಅಂದ. ಗಲ್ಲಾದಿಂದ ಎದ್ದು ಬಂದು ಹೇಳಲಿಲ್ಲ. ಇರಲಿ.

ಮಾರ್ಚ್ 10, ಸೋಮವಾರ

ಬೆಳಗ್ಗೆ ಗ್ಯಾಸ್ ಕಟರ್ ಸದ್ದು. ಓಡಿದೆ. ನಮ್ಮ ಶೆಲ್ಟರ್‌ನ ತಗಡು, ಕಲ್ಲುಬೆಂಚು ಆಗಲೇ ಲಾರಿಯಲ್ಲಿದ್ದವು.

ಇಂಜಿನಿಯರ್ ನಿಂತಿದ್ದರು. "ಯಾಕೆ ಕೀಳ್ತಿದೀರಿ? ಇದು ಪಟ್ಟಿಯಲ್ಲಿ ಇಲ್ವಲ್ಲ!" ಅಂದೆ.

"ಹೊಸದರ ಪಟ್ಟೀಲಿ ಇಲ್ಲ ಸಾರ್. ಹಳೇದು ಅಪಾಯ ಅಂತ ಆಗಲೇ ರಿಪೋರ್ಟಾಗಿದೆ. ರಿಪೇರಿಗೆ ಅಂತ ಹಣಾನೇ ಇಟ್ಟಿಲ್ಲ. ಒಂದೋ ಬದಲಾಯಿಸಬೇಕು, ಇಲ್ಲಾ ತೆಗೀಬೇಕು. ನೀವೇ ತೋರಿಸಿದ್ರಲ್ಲ, ಹನ್ನೊಂದು ಜನ. ಬರೀ ಬೋರ್ಡಿನ ಕಂಬ ಸಾಕು."

"ಅದನ್ನ ಅವತ್ತೇ ಹೇಳಬಾರದಿತ್ತಾ?"

"ನೀವು ಬೇರೆಯವರಿಗೆ ಮಾತಾಡೋಕೆ ಬಿಟ್ರಾ ಸಾರ್?"

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ಬಾಯಿಂದಲೇ ನೆರಳು ಕಳೆದುಕೊಂಡವನ ಗಾದೆ ಯಾರೂ ಮಾಡಿಲ್ಲ.

ನಾಲ್ಕೂ ಹತ್ತಕ್ಕೆ ಸಿಸ್ಟರ್ ಬಂದರು. ಹೊಸ ಕಂಬ ಹಿಡಿದು ನಿಂತರು. ಆ ಹಾಳೆಯನ್ನು ಕೊಟ್ಟದ್ದು ನಾನೇ ಅಂತ ಅವರಿಗೆ ಗೊತ್ತು. ಬೈಯಲಿಲ್ಲ. "ಲೆಕ್ಕ ಸರಿಯಾಗೇ ಇತ್ತು ಬಿಡಿ ಯಜಮಾನ್ರೇ" ಅಂದರು. ಬೈದಿದ್ದರೆ ವಾಸಿಯಿತ್ತು. ಫ್ಲಾಸ್ಕ್ ಇಡಲು ಜಾಗವಿರಲಿಲ್ಲ. ಮೂರು ನಿಮಿಷ. ಹೊರಟರು.

ಮಾರ್ಚ್ 13, ಗುರುವಾರ

ಬಂದಿಲ್ಲ. ನಿನ್ನೆಯೂ ಇಲ್ಲ.

ಮಾರ್ಚ್ 27, ಗುರುವಾರ

ಆರೈಕೆ ಕೇಂದ್ರಕ್ಕೆ ಹೋದೆ. ರಿಸೆಪ್ಶನ್ ಹುಡುಗಿ, "ಯಾರನ್ನ ನೋಡಬೇಕು?" ಅಂದಳು.

"ಒಬ್ಬ ಸಿಸ್ಟರ್ ಅವರ ಅಕ್ಕನನ್ನ."

"ಇಲ್ಲಿರೋರೆಲ್ಲ ಯಾರದ್ದೋ ಅಕ್ಕಂದಿರೇ ಅಂಕಲ್. ಹೆಸರು ಹೇಳಿ."

ಹೆಸರು. ಎರಡು ವರ್ಷ, ದಿನಕ್ಕೆ ಇಪ್ಪತ್ತು ನಿಮಿಷ. ಭಾನುವಾರ ಬಿಟ್ಟು ಗುಣಿಸಿದರೆ ಇನ್ನೂರು ಗಂಟೆ. ಯಾವ ಮೊಳೆ ಯಾವ ಡಬ್ಬದಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳುವವನು ನಾನು. ಅವರ ಹೆಸರು ಕೇಳಿಲ್ಲ. ಮನೆ ಯಾವ ರಸ್ತೆ, ಕೇಳಿಲ್ಲ. ಫೋನ್ ನಂಬರ್ ಇಲ್ಲ. ನಾಳೆ ಹೇಗೂ ಸಿಗುತ್ತಾರೆ ಅನ್ನುವ ಧೈರ್ಯ. ಆ ಧೈರ್ಯ ಪೂರ್ತಿ ಒಂದು ಕಲ್ಲುಬೆಂಚಿನದ್ದು.

ಅಲ್ಲಿಂದ ನಡೆದೇ ಬಂದೆ. ಎಣಿಸಿಕೊಂಡು. ನಮ್ಮ ಸ್ಟಾಪಿಗೆ ಸಾವಿರದ ನೂರು ಹೆಜ್ಜೆ. ನಡುವೆ ಕೂರಲು ಎಲ್ಲೂ ಏನೂ ಇಲ್ಲ. ನನ್ನ ಮಂಡಿಯೇ ಗೊಣಗಿತು.

ಮಾರ್ಚ್ 28, ಶುಕ್ರವಾರ

ನಗರಸಭೆ. ಹಾಳೆ ತಿದ್ದಬೇಕು ಅಂದೆ. "ಬಸ್ಸು ಹತ್ತದವರನ್ನ ಬಿಟ್ಟಿದ್ದೆ. ಅವರಿಗೇ ಬೇಕಾಗಿದ್ದು."

ಗುಮಾಸ್ತ ಕನ್ನಡಕದ ಮೇಲಿನಿಂದ ನೋಡಿದ. "ಬಸ್ಸು ಹತ್ತದವರಿಗೆ ಬಸ್ ಶೆಲ್ಟರ್ ಯಾಕೆ ಸ್ವಾಮಿ?"

ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ. ಅರ್ಜಿ ಕೊಟ್ಟು ಬಂದೆ. ಮುಂದಿನ ವರ್ಷದ ಬಜೆಟ್ಟಿನಲ್ಲಿ ನೋಡುತ್ತಾರಂತೆ. ಹನ್ನೆರಡು ಲಕ್ಷ ದುಬಾರಿಯೇ, ಈಗಲೂ ಹೇಳುತ್ತೇನೆ. ಏನೂ ಇಲ್ಲದಿರುವುದಕ್ಕೆ ಎಷ್ಟು ಬೀಳುತ್ತದೆ ಅಂತ ಮಾತ್ರ ಆವತ್ತು ಕೂಡಿಸಿರಲಿಲ್ಲ.

ಏಪ್ರಿಲ್ 1, ಮಂಗಳವಾರ

ಪೇಂಟ್ ಡಬ್ಬಗಳ ಹಿಂದಿನಿಂದ ನನ್ನ ಸ್ಟೂಲು ಎತ್ತಿಕೊಂಡೆ. ಜೊತೆಗೆ ಎರಡು ಗಜ ಸರಪಳಿ, ಒಂದು ಬೀಗ.

"ಚಿಕ್ಕಪ್ಪ, ಎಲ್ಲಿಗೆ?"

"ಬ್ರಾಂಚ್ ಓಪನ್ ಮಾಡ್ತಿದೀನಿ."

ಕಂಬಕ್ಕೆ ಬಿಗಿದೆ. ಸಂಜೆಯೊಳಗೆ ಏಳು ಜನ ಕೂತರು. ಅವರಲ್ಲಿ ಬಸ್ಸು ಹತ್ತಿದವರು ಇಬ್ಬರು. ಬರೆದುಕೊಂಡಿದ್ದೇನೆ, ಈ ಸಲ ಎರಡೂ ಕಾಲಂ.

ಏಪ್ರಿಲ್ 2, ಬುಧವಾರ. 4.10

ಫುಟ್‌ಪಾತಿನ ಅಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಸ್ಟೂಲು ಖಾಲಿ ಇಟ್ಟಿದ್ದೇನೆ. ಒಬ್ಬ ಕೂರಲು ಬಂದ. ಜನ ಬರ್ತಾರೆ ಅಂದೆ.

4.25. ರಸ್ತೆಯ ಆ ತುದಿಯಲ್ಲಿ ಯಾರೋ ಹೆಂಗಸು. ಕೈಯಲ್ಲಿ ಚೀಲ. ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಾರೆ, ಮತ್ತೆ ನಾಲ್ಕು ಹೆಜ್ಜೆ. ಈಗ ದೀಪದ ಕಂಬಕ್ಕೆ ಕೈ ಕೊಟ್ಟು ನಿಂತಿದ್ದಾರೆ. ಅವರೇ ಇರಬಹುದು. ಇಲ್ಲದಿರಬಹುದು. ಇಷ್ಟು ದೂರಕ್ಕೆ ನನ್ನ ಕನ್ನಡಕ ಒಪ್ಪುವುದಿಲ್ಲ. ಯಾರಾದರೂ ಸರಿ, ಇಲ್ಲಿವರೆಗೆ ನಡೆಸುವುದು ಬೇಡ. ಸ್ಟೂಲನ್ನೇ ಅಲ್ಲಿಗೆ ಒಯ್ಯುತ್ತೇನೆ. ಬೀಗದ ಕೀ ಯಾವ ಜೇಬಿ—